ಕೆರೆಯಂಗಳವೂ ಆಟದಂಗಳವೂ

ದೊಡ್ಡಬಳ್ಳಾಪುರವನ್ನು ಬಿಟ್ಟು ಮುಂದೆ ಹೋಗುವಾಗ ಮಾಕಳಿದುರ್ಗದ ಬೋಳುಬಂಡೆ ಕಣ್ಣಿಗೆ ಬಿದ್ದಿತೆಂದರೆ ಘಾಟಿ ಸುಬ್ರಹ್ಮಣ್ಯದ ಸೀಮೆ ಸಮೀಪಿಸಿತೆಂದು ತಿಳಿಯಬಹುದು. ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರು ದೂರದಲ್ಲಿರುವ ಈ ಕ್ಷೇತ್ರವನ್ನು ನಮ್ಮ ಶ್ರೋತೃಗಳಲ್ಲಿ ಅನೇಕರು ಬಲ್ಲರು. ಅಲ್ಲಿ ಒಂದೇ ಶಿಲೆಯಲ್ಲಿ ಪೂರ್ವಾಭಿಮುಖನಾಗಿ ಸುಬ್ರಹ್ಮಣ್ಯನೂ ಪಶ್ಚಿಮಾಭಿಮುಖನಾಗಿ ನರಸಿಂಹನೂ ಇರುವರು. ಮುಂದೆ ನಿಂತ ಭಕ್ತರಿಗೆ ಇಬ್ಬರ ದರ್ಶನವೂ ಆಗಲೆಂದು ಹಿಂಬದಿಯಲ್ಲಿ ಕನ್ನಡಿಯನ್ನು ಇರಿಸಿದ್ದಾರೆ. ಒಂದು ಕಲ್ಲು, ಎರಡು ಸನ್ನಿಧಿ. ಈ ದಿನ ನಾವು ಮಾತನಾಡಹೊರಟಿರುವುದು ದೇವಾಲಯವನ್ನು ಕುರಿತಲ್ಲವಾದರೂ ಈ ಏರ್ಪಾಡನ್ನು ಶ್ರೋತೃಗಳು ಸ್ವಲ್ಪ ಹೊತ್ತು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ.

ಪುಷ್ಯ ಶುದ್ಧ ಷಷ್ಠಿಯ ಬ್ರಹ್ಮರಥೋತ್ಸವದ ಸುಮಾರಿಗೆ ಘಾಟಿಯಲ್ಲಿ ದನಗಳ ಜಾತ್ರೆ ಕೂಡುತ್ತದೆ. ರಾಗಿಯ ಕೊಯಿಲು ಮುಗಿದು, ರೈತನ ಕೈಗೆ ಬಿಡುವೂ ದನದ ಬಾಯಿಗೆ ಹುಲ್ಲೂ ಒದಗುವ ಕಾಲ ಅದು. ಹಳ್ಳಿಕಾರ್ ಎತ್ತುಗಳ ಜೋಡಿಗಳನ್ನು ಸಾಲಾಗಿ ಕಟ್ಟುತ್ತಾರೆ. ಉಳ್ಳವರು ತಮ್ಮ ಜೋಡಿಗೆ ಚಪ್ಪರ ಹಾಕಿಸಿ, ಕೊಂಬಿಗೆ ಕಳಸು ತೊಡಿಸಿ, ವಾದ್ಯದೊಡನೆ ಮೆರವಣಿಗೆಯಲ್ಲಿ ಕರೆತರುತ್ತಾರೆ. ಹಲ್ಲು ನೋಡಿ ವಯಸ್ಸು ತೀರ್ಮಾನಿಸುವವರೂ, ಟವಲಿನ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸುವವರೂ, ಹಗ್ಗ ಮೂಗುದಾರ ಗೆಜ್ಜೆ ಮಾರುವವರೂ ಅಲ್ಲಿ ನೆರೆಯುವರು. ಜಾತ್ರೆ ಮುಗಿದರೆ ಅದೇ ನೆಲ ಮತ್ತೆ ಬರಿಯ ಬಯಲು; ಸೆಗಣಿಯಷ್ಟು ಹೆಚ್ಚು ಗೊಬ್ಬರ ಬಿದ್ದ ಬಯಲು. ಒಂದೇ ನೆಲವನ್ನು ಹಲವು ಕೆಲಸಗಳಿಗೆ ಬಳಸುವ ವಿದ್ಯೆ ನಮಗೆ ಹೊಸದೇನೂ ಅಲ್ಲ. ಆದರೆ ಅಲ್ಲಿ ಜಗಳವಾಗದಿರುವುದಕ್ಕೆ ಕಾರಣವುಂಟು: ಯಾವ ಕೆಲಸಕ್ಕೆ ಯಾವ ಮಾಸವೆಂಬುದನ್ನು ಪಂಚಾಂಗವೂ ಬೆಳೆಯೂ ಕೂಡಿ ಮೊದಲೇ ನಿಶ್ಚಯಿಸಿಬಿಟ್ಟಿವೆ.

ನಗರದ ಬಹೂಪಯೋಗಿ ಕ್ರೀಡಾಂಗಣದಲ್ಲಿ ಹೀಗಿಲ್ಲ. ಅಲ್ಲಿ ಎಲ್ಲರಿಗೂ ಎಲ್ಲ ದಿನವೂ ಬೇಕು. ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣವನ್ನು ಉದಾಹರಣೆಯಾಗಿಟ್ಟುಕೊಂಡು ಇಂತಹ ಅಂಗಣವೆಂದರೆ ಏನು, ಅದು ಹೇಗೆ ಬಂದಿತು, ಅದರಲ್ಲಿ ಏನೇನು ಹಿಡಿಸುತ್ತದೆ, ಏನು ಹಿಡಿಸುವುದಿಲ್ಲ ಎಂಬುದನ್ನು ವಿವರಿಸುವುದು ನಮ್ಮ ಉದ್ದೇಶ.

ಮೊದಲು ಹೆಸರಿನ ವಿಚಾರ. ‘ಸ್ಟೇಡಿಯಂ’ ಎಂಬ ಮಾತು ಗ್ರೀಕರ ಒಂದು ಅಳತೆಯಿಂದ ಬಂದುದು. ಸ್ಟೇಡಿಯೋನ್ ಎಂದರೆ ಅವರ ಲೆಕ್ಕದಲ್ಲಿ ಆರುನೂರು ಅಡಿಗಳ ದೂರ. ಒಲಿಂಪಿಯಾದಲ್ಲಿ ಅದು ಸುಮಾರು 192 ಮೀಟರುಗಳಷ್ಟಿತ್ತು. ಆ ದೂರವನ್ನು ಓಡುವ ಪಂದ್ಯಕ್ಕೆ ಅದೇ ಹೆಸರಾಯಿತು. ಓಡುವ ಸ್ಥಳಕ್ಕೂ ಅದೇ ಹೆಸರು ಹತ್ತಿತು. ನಮ್ಮಲ್ಲಿ ಹರದಾರಿ, ಗಾವುದ ಎಂಬ ಅಳತೆಗಳಿದ್ದರೂ ಅವುಗಳಿಂದ ಯಾವ ಕಟ್ಟಡವೂ ಹುಟ್ಟಲಿಲ್ಲ. ಆದರೆ ಆಟದ ನೆಲವನ್ನು ಶಾಸ್ತ್ರೀಯವಾಗಿ ಸಿದ್ಧಪಡಿಸುವ ವಿಚಾರ ನಮ್ಮ ನಾಡಿನಲ್ಲಿ ಬಹಳ ಹಿಂದೆಯೇ ಗ್ರಂಥಸ್ಥವಾಗಿದೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದವೂ ವಾಜಿವಾಹ್ಯಾಲಿವಿನೋದವೂ ಬರುತ್ತವೆ. ಎರಡನೆಯದು ಕುದುರೆಯ ಮೇಲೆ ಕುಳಿತು ಕೋಲಿನಿಂದ ಚೆಂಡನ್ನು ಹೊಡೆಯುವ ಆಟ. ಇಂದಿನವರು ಪೋಲೋ ಎನ್ನುವುದಕ್ಕೆ ತೀರ ಸಮೀಪವಾದುದು. ಕನ್ನಡದ ‘ವೈಹಾಳಿ’ ಎಂಬ ಮಾತು ಆ ವಾಹ್ಯಾಲಿಯ ಬಳಗಕ್ಕೇ ಸೇರಿದುದು. ಈ ಪೋಲೋ ಆಟವು ನಮ್ಮ ಕಥೆಯಲ್ಲಿ ಇನ್ನೊಮ್ಮೆ ಬರಲಿದೆ. ವಿಜಯನಗರದ ಮಹಾನವಮಿಯಲ್ಲಿ ನಡೆಯುತ್ತಿದ್ದ ಕುಸ್ತಿಯನ್ನು 1520ರ ಸುಮಾರಿನಲ್ಲಿ ಪೋರ್ತುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ಅಲ್ಲಿಂದ ಶ್ರೀರಂಗಪಟ್ಟಣಕ್ಕೆ, ಮೈಸೂರಿಗೆ ಆ ಪರಂಪರೆ ಇಳಿದು ಬಂದುದು ಎಲ್ಲರಿಗೂ ತಿಳಿದ ವಿಷಯ.

‘ಕಂಠೀರವ’ ಎಂದರೆ ಸಿಂಹ, ಕಂಠದಲ್ಲಿ ಗರ್ಜನೆಯುಳ್ಳದ್ದು. ಮೈಸೂರು ರಾಜವಂಶದಲ್ಲಿ ಈ ಹೆಸರು ಒಂದಕ್ಕಿಂತ ಹೆಚ್ಚು ಸಲ ಬಂದಿದೆ. 1638ರಿಂದ 1659ರವರೆಗೆ ಆಳಿದ ರಣಧೀರ ಕಂಠೀರವ ನರಸರಾಜ ಒಡೆಯರು ಸ್ವತಃ ಜಟ್ಟಿಯಾಗಿದ್ದರೆಂದೂ, ವೇಷ ಮರೆಸಿಕೊಂಡು ತಿರುಚಿನಾಪಳ್ಳಿಗೆ ಹೋಗಿ ಅಲ್ಲಿನ ಮಲ್ಲನನ್ನು ಸೋಲಿಸಿ ಬಂದರೆಂದೂ ಐತಿಹ್ಯವುಂಟು. ಅವರು ಟಂಕಿಸಿದ ಕಂಠೀರಾಯ ಹಣವು ಅವರ ಕಾಲಾನಂತರವೂ ಬಹು ದಿನ ಲೆಕ್ಕಪತ್ರಗಳಲ್ಲಿ ಉಳಿದಿತ್ತು. ಆಟದ ಮನೆಗೆ ಸಿಂಹದ ಹೆಸರು ಒಪ್ಪುವಂಥದೇ. ಘಾಟಿಯ ಶಿಲೆಯಲ್ಲಿಯೂ ಒಂದು ಮುಖ ಸಿಂಹದ್ದೇ ಅಲ್ಲವೆ?

ಹೆಸರಿಗಿಂತ ನೆಲದ ಕಥೆ ಹೆಚ್ಚು ಸ್ವಾರಸ್ಯವಾದುದು. ಕಂಠೀರವ ಕ್ರೀಡಾಂಗಣವಿರುವ ಸ್ಥಳವು ಸಂಪಂಗಿ ಕೆರೆಯ ಅಂಗಳ. ಕೆರೆಯ ತಳಕ್ಕೆ ‘ಅಂಗಳ’ವೆಂದು ನಮ್ಮವರು ಮೊದಲಿನಿಂದಲೂ ಹೇಳುತ್ತ ಬಂದಿರುವರು, ಆ ಮಾತು ಇಲ್ಲಿ ಅಕ್ಷರಶಃ ಸತ್ಯವಾಯಿತು. ಒಂದು ಕಡೆ ಮೈಸೂರು ಸಂಸ್ಥಾನಕ್ಕೆ ಸೇರಿದ ಪೇಟೆ, ಇನ್ನೊಂದು ಕಡೆ ಬ್ರಿಟಿಷರ ದಂಡು. ಇವೆರಡರ ನಡುವೆ ಆ ಕೆರೆ. ಅದರ ನೀರಿನಿಂದ ತೋಟ ಮಾಡುತ್ತಿದ್ದ ತಿಗಳರಿಗೆ ಕೆರೆ ತುಂಬಿರಬೇಕು. ಸುತ್ತಲಿನ ಬಂಗಲೆಗಳವರಿಗೆ ಅದು ಉಕ್ಕಿ ಬರಬಾರದು. ದಂಡಿನ ಕುದುರೆಯ ಆಟಗಾರರಿಗೆ ಅದರ ಒಣಗಿದ ಭಾಗ ಪೋಲೋ ಆಡಲು ಬೇಕು. ಹೀಗೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೇ ಆ ನೆಲದ ಮೇಲೆ ಮೂರು ಹಕ್ಕುಗಳು ಒಂದನ್ನೊಂದು ತಳ್ಳಾಡುತ್ತಿದ್ದವು. ಇಂದು ಅಲ್ಲಿ ನಡೆಯುವ ಜಗಳಗಳು ಹೊಸವೆಂದು ಯಾರೂ ಭ್ರಮಿಸಬೇಕಾಗಿಲ್ಲ.

ಕೊನೆಗೆ ತೀರ್ಪು ಹೇಳಿದವನು ಯಾವ ಅಧಿಕಾರಿಯೂ ಅಲ್ಲ, ಒಂದು ಕೊಳವೆ. 1894ರಲ್ಲಿ ಅರ್ಕಾವತಿಗೆ ಹೆಸರಘಟ್ಟದಲ್ಲಿ ಜಲಾಶಯವೇರ್ಪಟ್ಟು ಅಲ್ಲಿಂದ ನಗರಕ್ಕೆ ಕುಡಿಯುವ ನೀರು ಬರತೊಡಗಿತು. ಅರ್ಕಾವತಿಯು ನಂದಿಬೆಟ್ಟದಲ್ಲಿ ಹುಟ್ಟಿ, ಘಾಟಿಯಿರುವ ದೊಡ್ಡಬಳ್ಳಾಪುರ ತಾಲ್ಲೂಕಿನ ಮೂಲಕವೇ ಹರಿದು ಹೆಸರಘಟ್ಟವನ್ನು ಸೇರುವ ನದಿ. ಆ ಸೀಮೆಯ ನೀರು ಮನೆಯ ನಲ್ಲಿಯಲ್ಲಿ ಬಂದ ಮೇಲೆ ಊರ ನಡುವಣ ಕೆರೆಗಳು ಯಾರಿಗೆ ಬೇಕು? ಮುಂದೆ 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯ, 1974ರಲ್ಲಿ ಕಾವೇರಿಯ ನೀರು. ದೂರದ ನೀರು ಬಂದಂತೆಲ್ಲ ಹತ್ತಿರದ ಕೆರೆ ಅನಾಥವಾಯಿತು. ಸಂಪಂಗಿ ಕೆರೆಯು ಸ್ವಲ್ಪ ಸ್ವಲ್ಪವಾಗಿ ಬತ್ತಿ, ಇಪ್ಪತ್ತನೆಯ ಶತಮಾನದ ನಡುಭಾಗದ ಹೊತ್ತಿಗೆ ಬಯಲಾಯಿತು, ಬಯಲು ಕ್ರೀಡಾಂಗಣವಾಯಿತು. ದೊಡ್ಡಬಳ್ಳಾಪುರದ ಕಡೆಯ ಶ್ರೋತೃಗಳು ಕಂಠೀರವಕ್ಕೆ ಹೋದಾಗ, ಈ ಬಯಲನ್ನು ಬಿಡಿಸಿಕೊಡುವುದರಲ್ಲಿ ತಮ್ಮ ಸೀಮೆಯ ಹೊಳೆಯದೂ ಒಂದು ಪಾಲಿತ್ತೆಂದು ಹೇಳಿಕೊಳ್ಳಬಹುದು. ಅದು ಹೆಮ್ಮೆಯೋ ವ್ಯಸನವೋ ಅವರೇ ನಿರ್ಧರಿಸಲಿ.

ಇದು ಒಂದೇ ಕೆರೆಯ ಗತಿಯಲ್ಲ. ಅಕ್ಕಿತಿಮ್ಮನಹಳ್ಳಿಯ ಕೆರೆ ಹಾಕಿಯ ಅಂಗಣವಾಯಿತು. ಶೂಲೆ ಕೆರೆ ಫುಟ್ಬಾಲಿನ ಅಂಗಣವಾಯಿತು. ಚಲ್ಲಘಟ್ಟದ ಕೆರೆ ಗಾಲ್ಫ್ ಮೈದಾನವಾಯಿತು. ಧರ್ಮಾಂಬುಧಿಯಲ್ಲಿ ಬಸ್ಸುಗಳು ನಿಂತಿವೆ. ಮೈಸೂರಿನಲ್ಲಿ ದಸರೆಯ ಕುಸ್ತಿ ನಡೆಯುವ ದೊಡ್ಡಕೆರೆ ಮೈದಾನದ ಹೆಸರೇ ಅದರ ಪೂರ್ವಜನ್ಮವನ್ನು ಸಾರುತ್ತದೆ. ಆಟಗಳು ಕೆರೆಗಳನ್ನೇ ಹುಡುಕಿಕೊಂಡು ಹೋದುದೇಕೆ? ಕಾರಣ ಸರಳ. ಕೆರೆಯಂಗಳವು ಸರ್ಕಾರದ ಸ್ವತ್ತು. ಪರಿಹಾರ ಕೊಡಬೇಕಾದ ಒಡೆಯನಿಲ್ಲ. ಅದು ವಿಶಾಲ, ಹೂಳು ತುಂಬಿ ಸಮತಟ್ಟಾದುದು, ಊರಿಗೆ ಹತ್ತಿರದ್ದು. ಒಡೆಯನಿಲ್ಲದ ಸ್ವತ್ತಿಗೆ ವಕೀಲನೂ ಇಲ್ಲ. ಆದರೆ ಕೆರೆಯಂಗಳಕ್ಕೆ ಒಂದು ಗುಣವುಂಟು: ಅದು ತಗ್ಗಿನಲ್ಲಿರುವುದು. ಸುತ್ತಲ ಮಳೆನೀರಿಗೆ ಇಲ್ಲಿ ಈಗ ಕೆರೆಯಿಲ್ಲವೆಂಬ ವರ್ತಮಾನ ಮುಟ್ಟುವುದಿಲ್ಲ. ಅದು ಹಳೆಯ ಹಾದಿಯಲ್ಲಿಯೇ ಬರುತ್ತದೆ. ಆದುದರಿಂದ ಇಂತಹ ಅಂಗಣದ ಮೊದಲನೆಯ ಸೌಕರ್ಯವು ಕಣ್ಣಿಗೆ ಕಾಣದ ಚರಂಡಿ.

ಈಗ ಕಟ್ಟಡಕ್ಕೆ ಬರೋಣ. ನಾವು ಇಂದು ನೋಡುವ ಕಂಠೀರವವು ಮುಖ್ಯವಾಗಿ 1997ರಲ್ಲಿ ಕರ್ನಾಟಕದಲ್ಲಿ ನಡೆದ ರಾಷ್ಟ್ರೀಯ ಕ್ರೀಡೆಗಳ ಕಾಲದ ರೂಪವನ್ನು ತಳೆದಿದೆ. ಹೊರಾಂಗಣದಲ್ಲಿ ಸುಮಾರು ಇಪ್ಪತ್ತೈದು ಸಾವಿರ ಪ್ರೇಕ್ಷಕರಿಗೆ ಸ್ಥಳವಿದೆ. ಸುತ್ತ ಸಿಂಥೆಟಿಕ್ ಟ್ರ್ಯಾಕು, ನಡುವೆ ಹುಲ್ಲಿನ ಅಂಗಣ, ಮೇಲೆ ರಾತ್ರಿಯ ಆಟಕ್ಕೆ ದೀಪಗಳು. ಪಕ್ಕದಲ್ಲಿ ಸುಮಾರು ನಾಲ್ಕು ಸಾವಿರ ಜನ ಕುಳಿತುಕೊಳ್ಳಬಹುದಾದ ಒಳಾಂಗಣ. ಬ್ಯಾಸ್ಕೆಟ್‌ಬಾಲ್ ಮುಂತಾದ ಆಟಗಳು ಅಲ್ಲಿ ನಡೆಯುವುವು. 2017ರಲ್ಲಿ ಏಷ್ಯಾದ ಮಹಿಳೆಯರ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿ ಅಲ್ಲಿಯೇ ನಡೆಯಿತು. ಪ್ರೊ ಕಬಡ್ಡಿಯ ಪಂದ್ಯಗಳಿಗೂ ಅದು ಮನೆಯಾಗಿದೆ. ಮಣ್ಣಿನಲ್ಲಿ ಹುಟ್ಟಿದ ಕಬಡ್ಡಿಯು ಚಾಪೆಯ ಮೇಲೆ, ವಿದ್ಯುದ್ದೀಪದ ಕೆಳಗೆ ಬಂದು ನಿಂತುದನ್ನು ಹಳಬರು ಅನುಮಾನದಿಂದ ನೋಡಿದರೂ, ಹುಡುಗರು ಒಪ್ಪಿಕೊಂಡುಬಿಟ್ಟರು.

ಸೌಕರ್ಯಗಳ ಪಟ್ಟಿಯನ್ನು ಓದಿ ಮುಗಿಸುವುದು ಸುಲಭ. ಅವು ಒಂದರೊಳಗೊಂದು ಹೇಗೆ ಕೂತಿವೆ ಎಂಬುದೇ ತಿಳಿಯತಕ್ಕ ವಿಷಯ. ಶ್ರೋತೃಗಳು ಕಾಗದ ಸೀಸದಕಡ್ಡಿಗಳನ್ನು ಕೈಗೆತ್ತಿಕೊಂಡರೆ ಇನ್ನೂ ಅನುಕೂಲ.

ಓಟದ ಟ್ರ್ಯಾಕಿನ ಒಂದು ಸುತ್ತು 400 ಮೀಟರು. ಎರಡು ನೇರ ಭಾಗಗಳು, ತಲಾ 84.39 ಮೀಟರು, ಅವನ್ನು ಕೂಡಿಸುವ ಎರಡು ಅರ್ಧವೃತ್ತಗಳು, ಒಳ ಅಂಚಿನ ತ್ರಿಜ್ಯ 36.50 ಮೀಟರು. ಓಡುವವನು ಅಂಚಿಗೆ ಅಂಟಿಕೊಂಡೇ ಓಡಲಾರನಷ್ಟೆ. ಆದುದರಿಂದ ಒಳ ಅಂಚಿನಿಂದ 30 ಸೆಂಟಿಮೀಟರು ಹೊರಗೆ ಒಂದು ಕಲ್ಪಿತ ರೇಖೆಯನ್ನಿಟ್ಟು ಅಳೆಯುತ್ತಾರೆ. ಹಾಗೆ ಗುಣಿಸಿ ಕೂಡಿದರೆ ಸರಿಯಾಗಿ 400 ಬರುವುದು. ಒಂದೊಂದು ಲೇನಿನ ಅಗಲ 1.22 ಮೀಟರು. ಹೊರಗಿನ ಲೇನಿನವನು ದೊಡ್ಡ ವೃತ್ತವನ್ನು ಸುತ್ತಬೇಕಾದುದರಿಂದ, 400 ಮೀಟರು ಓಟದಲ್ಲಿ ಎರಡನೆಯ ಲೇನಿನವನನ್ನು 7.04 ಮೀಟರು ಮುಂದೆ ನಿಲ್ಲಿಸುವರು. ಎಂಟನೆಯವನು ಮೊದಲನೆಯವನಿಗಿಂತ 53 ಮೀಟರುಗಳಷ್ಟು ಮುಂದಿರುವನು. ನೋಡುವವರಿಗೆ ಇದು ಅನ್ಯಾಯವಾಗಿ ತೋರುತ್ತದೆ. ವಾಸ್ತವವಾಗಿ ಸಮಾನತೆ ಇರುವುದೇ ಆ ಓರೆಯಲ್ಲಿ.

ಹಿಂದೆ ಈ ಅಳತೆಗಳು ಇಷ್ಟು ಖಚಿತವಾಗಿರಲಿಲ್ಲ. 1896ರಲ್ಲಿ ಅಥೆನ್ಸಿನಲ್ಲಿ ಒಲಿಂಪಿಕ್ಸ್ ನಡೆದ ಪುರಾತನ ಅಮೃತಶಿಲೆಯ ಅಂಗಣವು ಕೂದಲಿನ ಪಿನ್ನಿನಂತೆ ಉದ್ದವೂ ಕಿರಿದೂ ಆಗಿದ್ದುದರಿಂದ ಓಟಗಾರರು ತಿರುವಿನಲ್ಲಿ ವೇಗ ತಗ್ಗಿಸಲೇಬೇಕಾಗಿತ್ತು. 1908ರ ಲಂಡನ್ ಅಂಗಣದಲ್ಲಿ ಮೂರು ಸುತ್ತಿಗೆ ಒಂದು ಮೈಲಿ. ಅದರ ಹೊರಗೆ ಸೈಕಲ್ಲಿನ ಪಥ. ಒಳಗೆ, ಹುಲ್ಲಿನ ನಡುವೆ, ನೂರು ಮೀಟರು ಉದ್ದದ ಈಜುಕೊಳ! ಬಹೂಪಯೋಗವೆಂಬ ಆಸೆಗೆ ಇದಕ್ಕಿಂತ ದೊಡ್ಡ ನಿದರ್ಶನ ಸಿಕ್ಕಲಾರದು. ಲಂಡನ್ನಿನವರು ಕ್ರೀಡಾಂಗಣದೊಳಗೆ ಕೊಳವನ್ನಿಟ್ಟರು. ನಾವು ಕೆರೆಯೊಳಗೆ ಕ್ರೀಡಾಂಗಣವನ್ನಿಟ್ಟೆವು.

ಟ್ರ್ಯಾಕಿನ ಒಳಗೆ ಫುಟ್ಬಾಲಿನ ಅಂಗಣವನ್ನು ಬರೆಯೋಣ. ಅಂತಾರಾಷ್ಟ್ರೀಯ ಪಂದ್ಯಗಳಿಗೆ ರೂಢಿಯಲ್ಲಿರುವ ಅಳತೆ 105 ಮೀಟರು ಉದ್ದ, 68 ಮೀಟರು ಅಗಲ. ಟ್ರ್ಯಾಕಿನ ಒಳಗಿನ ಅಗಲವು 36.50ರ ಇಮ್ಮಡಿ, ಅಂದರೆ 73 ಮೀಟರು. ಅಗಲದಲ್ಲಿ ಅಡ್ಡಿಯಿಲ್ಲ, ಎರಡು ಪಕ್ಕಗಳಲ್ಲಿಯೂ ಎರಡೂವರೆ ಮೀಟರು ಉಳಿಯುತ್ತದೆ. ಉದ್ದವೇ ಕಷ್ಟ. ನೇರ ಭಾಗ 84.39 ಮೀಟರು ಮಾತ್ರ; ಉಳಿದ ಇಪ್ಪತ್ತು ಮೀಟರು, ಒಂದೊಂದು ತುದಿಯಲ್ಲಿ ಹತ್ತು ಹತ್ತರಂತೆ, ಅರ್ಧವೃತ್ತದ ಒಳಕ್ಕೆ ಚಾಚಿಕೊಳ್ಳಬೇಕು. ಚೌಕದ ಮೂಲೆಯು ವೃತ್ತದೊಳಗೆ ಹೋದಂತೆಲ್ಲ ವೃತ್ತದ ಅಂಚಿಗೆ ಸಮೀಪಿಸುತ್ತದೆ. ಪೈಥಾಗೊರಸನ ಪ್ರಮೇಯವನ್ನು ಬಲ್ಲವರು ಲೆಕ್ಕ ಹಾಕಿ ನೋಡಲಿ: ಅರ್ಧವೃತ್ತದ ಕೇಂದ್ರದಿಂದ ಅಂಗಣದ ಮೂಲೆಗೆ 35.53 ಮೀಟರು, ಟ್ರ್ಯಾಕಿನ ಅಂಚಿಗೆ 36.50. ನಡುವೆ ಉಳಿಯುವುದು ಒಂದು ಮೀಟರಿಗೂ ಮೂರು ಸೆಂಟಿಮೀಟರು ಕಡಿಮೆ.

ಈ ಒಂದು ಮೀಟರಿನಲ್ಲಿಯೇ ಬಹೂಪಯೋಗಿ ಕ್ರೀಡಾಂಗಣದ ಸಮಸ್ಯೆಯೆಲ್ಲ ಅಡಗಿದೆಯೆಂದರೆ ಅತಿಶಯವಾಗದು. ಮೂಲೆಯಿಂದ ಚೆಂಡನ್ನು ಒದೆಯುವವನು ನಾಲ್ಕು ಹೆಜ್ಜೆ ಹಿಂದಿನಿಂದ ಓಡಿ ಬರಬೇಕು. ಆ ಹೆಜ್ಜೆಗಳು ಟ್ರ್ಯಾಕಿನ ಮೇಲೆ ಬೀಳುತ್ತವೆ. ಅವನ ಪಾದರಕ್ಷೆಯ ಮೊಳೆಗಳು ಹುಲ್ಲಿಗಾಗಿ ಮಾಡಿದವು. ಟ್ರ್ಯಾಕನ್ನು ಕಾಪಾಡಲು ಅಲ್ಲಿ ಹೊದಿಕೆ ಹಾಸಬೇಕು. ಹಾಸಿದ ದಿನ ಓಟದವರಿಗೆ ಅಭ್ಯಾಸ ತಪ್ಪುತ್ತದೆ. ಜಾಹೀರಾತಿನ ಹಲಗೆಗಳು, ಬದಲಿ ಆಟಗಾರರ ಆಸನಗಳು, ಛಾಯಾಗ್ರಾಹಕರು, ಎಲ್ಲರೂ ನಿಲ್ಲುವುದು ಆ ಟ್ರ್ಯಾಕಿನ ಮೇಲೆಯೇ. ಇನ್ನೊಂದು ಪಕ್ಷದ ಮಾತನ್ನೂ ಹೇಳಬೇಕು. ಗುಂಡು, ಚಕ್ರ, ಹ್ಯಾಮರ್, ಭರ್ಜಿ, ಇವೆಲ್ಲ ಬಂದು ಬೀಳುವುದು ಫುಟ್ಬಾಲಿನ ಹುಲ್ಲಿನ ಮೇಲೆ. ಏಳೂಕಾಲು ಕಿಲೋಗ್ರಾಮಿನ ಹ್ಯಾಮರ್ ಎಪ್ಪತ್ತು ಮೀಟರು ಹಾರಿ ಬಿದ್ದರೆ ಅಲ್ಲಿ ಏಳುವ ಕುಳಿಯು ಚೆಂಡಿನ ಹಾದಿಯನ್ನು ಕೆಡಿಸದೆ ಬಿಡದು. ಒಬ್ಬರ ಸೌಕರ್ಯ ಮತ್ತೊಬ್ಬರ ಗಾಯ.

ನೋಡುವವರ ಪಾಡನ್ನೂ ಮರೆಯಲಾಗದು. ಎಂಟು ಲೇನುಗಳ ಪ್ರಮಾಣಬದ್ಧ ಅಂಗಣದಲ್ಲಿ ಟ್ರ್ಯಾಕಿನ ಅಗಲವೇ ಸುಮಾರು ಹತ್ತು ಮೀಟರು. ಗೋಲಿನ ಹಿಂದೆ ಕುಳಿತವನಿಗೂ ಗೋಲಿನ ಗೆರೆಗೂ ನಡುವೆ ಹತ್ತಿರ ಹತ್ತಿರ 36 ಮೀಟರು ಬೀಳುತ್ತದೆ. ಓಟಕ್ಕೆ ಸೊಗಸಾದ ಅಂಗಣವು ಫುಟ್ಬಾಲಿಗೆ ದೂರದ ಮನೆ. ಹೀಗಾಗಿಯೇ ಯೂರೋಪಿನ ಅನೇಕ ನಗರಗಳವರು ಟ್ರ್ಯಾಕಿಲ್ಲದ ಫುಟ್ಬಾಲ್ ಅಂಗಣಗಳನ್ನು ಬೇರೆ ಕಟ್ಟಿಕೊಂಡರು. ಕ್ರಿಕೆಟ್ಟಂತೂ ಈ ಸಂಸಾರಕ್ಕೆ ಒಗ್ಗುವುದೇ ಇಲ್ಲ: ಅದಕ್ಕೆ ದುಂಡನೆಯ ದೊಡ್ಡ ಬಯಲೂ, ನಡುವೆ ಜೇಡಿಮಣ್ಣಿನ ಗಟ್ಟಿ ಪಿಚ್ಚೂ ಬೇಕು. ಅದು ಕಂಠೀರವಕ್ಕೆ ಅನತಿದೂರದಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣವೆಂಬ ಸ್ವಂತ ಮನೆ ಮಾಡಿಕೊಂಡಿತು. ಅಲ್ಲಿ ಮೊದಲ ಟೆಸ್ಟ್ ಪಂದ್ಯ ನಡೆದುದು 1974ರಲ್ಲಿ.

2014ರಿಂದ ಬೆಂಗಳೂರು ಎಫ್‌ಸಿ ತಂಡವು ಕಂಠೀರವದಲ್ಲಿ ಆಡತೊಡಗಿದ ಮೇಲೆ ಈ ಲೆಕ್ಕಗಳು ಕಾಗದವನ್ನು ಬಿಟ್ಟು ನೆಲಕ್ಕಿಳಿದವು. ಒಳ್ಳೆಯದನ್ನು ಮೊದಲು ಹೇಳಬೇಕು. 2016ರ ಅಕ್ಟೋಬರಿನಲ್ಲಿ ಮಲೇಷ್ಯಾದ ಜೋಹೊರ್ ತಂಡವನ್ನು ಇದೇ ಅಂಗಣದಲ್ಲಿ 3–1ರಿಂದ ಸೋಲಿಸಿ, ಏಷ್ಯಾದ ಎಎಫ್‌ಸಿ ಕಪ್ಪಿನ ಅಂತಿಮ ಪಂದ್ಯವನ್ನು ಮುಟ್ಟಿದ ಮೊದಲ ಭಾರತೀಯ ಕ್ಲಬ್ಬೆಂಬ ಕೀರ್ತಿಯನ್ನು ಆ ತಂಡ ಪಡೆಯಿತು. 2023ರ ಜುಲೈ 4ರಂದು ಭಾರತ ತಂಡವು ಕುವೈತನ್ನು ಪೆನಾಲ್ಟಿಗಳಲ್ಲಿ 5–4ರಿಂದ ಸೋಲಿಸಿ ದಕ್ಷಿಣ ಏಷ್ಯಾದ ಪ್ರಶಸ್ತಿಯನ್ನು ಗೆದ್ದುದೂ ಇಲ್ಲಿಯೇ. ಆದರೆ ಅದೇ ವರ್ಷಗಳಲ್ಲಿ ಓಟದ ಹುಡುಗರೂ ಅವರ ತರಬೇತಿದಾರರೂ ಅಭ್ಯಾಸದ ವೇಳೆ ತಪ್ಪುತ್ತಿದೆಯೆಂದೂ ಟ್ರ್ಯಾಕು ಹಾಳಾಗುತ್ತಿದೆಯೆಂದೂ ದೂರಿದರು. ವಿವಾದವು ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ನಮ್ಮ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ. ಎರಡು ಕಡೆಯವರೂ ನ್ಯಾಯವನ್ನೇ ಆಡುತ್ತಿದ್ದರು. ಆದರೆ ಫುಟ್ಬಾಲಿಗೆ ನಗರದಲ್ಲಿ ಬೇರೊಂದು ಅಂಗಣವನ್ನು ಹುಡುಕಬಹುದು. ಪ್ರತಿದಿನ ಬೆಳಗ್ಗೆ ಬಸ್ಸಿನಲ್ಲಿ ಬಂದು ಓಡುವ ಬಡ ಹುಡುಗಿಗೆ ಇನ್ನೊಂದು ಸಿಂಥೆಟಿಕ್ ಟ್ರ್ಯಾಕು ಸಮೀಪದಲ್ಲಿ ಸಿಗುವುದು ಕಷ್ಟ. ಯಾರಿಗೆ ಪರ್ಯಾಯವಿಲ್ಲವೋ ಅವರಿಗೆ ಮೊದಲ ಹಕ್ಕು ಎಂದು ನಾವು ಭಾವಿಸುತ್ತೇವೆ.

ಭರ್ಜಿಯ ಎಸೆತದಲ್ಲಿ ಒಲಿಂಪಿಕ್ ಸ್ವರ್ಣ ಗೆದ್ದ ನೀರಜ್ ಚೋಪ್ರಾ ತಮ್ಮ ಹೆಸರಿನ ಅಂತಾರಾಷ್ಟ್ರೀಯ ಸ್ಪರ್ಧೆಯನ್ನು 2025ರ ಜುಲೈ 5ರಂದು ನಡೆಸಿದುದು ಕಂಠೀರವದಲ್ಲಿ, 86.18 ಮೀಟರು ಎಸೆದು ತಾವೇ ಗೆದ್ದರು. ಈ ಸ್ಪರ್ಧೆ ಮೊದಲು ಹರಿಯಾಣದ ಪಂಚಕುಲದಲ್ಲಿ ನಡೆಯಬೇಕೆಂದಿತ್ತು. ಅಲ್ಲಿನ ದೀಪವ್ಯವಸ್ಥೆ ಸಾಲದೆಂದು ಬೆಂಗಳೂರಿಗೆ ಬಂದಿತು. ಗೋಪುರದ ನಾಲ್ಕು ದೀಪಗಳೆಂದು ನಾವು ಅಲಕ್ಷಿಸುವ ವಸ್ತು ಒಂದು ಊರಿನ ಭಾಗ್ಯವನ್ನು ಇನ್ನೊಂದು ಊರಿಗೆ ಒಯ್ಯಬಲ್ಲುದು.

ಆಟವಲ್ಲದ ಕಾರ್ಯಗಳಿಗೂ ಈ ಅಂಗಣ ಒದಗಿದೆ. 2013ರಲ್ಲಿಯೂ 2023ರಲ್ಲಿಯೂ ರಾಜ್ಯದ ಮುಖ್ಯಮಂತ್ರಿಗಳ ಪ್ರಮಾಣವಚನ ಇಲ್ಲಿ ನಡೆಯಿತು. 2006ರ ಏಪ್ರಿಲಿನಲ್ಲಿ ಡಾ. ರಾಜಕುಮಾರ್ ಅವರ ಪಾರ್ಥಿವ ಶರೀರವನ್ನೂ, 2021ರ ಅಕ್ಟೋಬರಿನಲ್ಲಿ ಅವರ ಕಿರಿಯ ಮಗ ಪುನೀತ್ ರಾಜಕುಮಾರ್ ಅವರದನ್ನೂ ಜನರ ಅಂತಿಮ ದರ್ಶನಕ್ಕೆಂದು ಇರಿಸಿದುದು ಇಲ್ಲಿಯೇ. (ಅವರ ಸಮಾಧಿಗಳಿರುವ ಕಂಠೀರವ ಸ್ಟುಡಿಯೋ ಬೇರೆ, ದೂರದ ಊರಿನವರು ಎರಡನ್ನೂ ಒಂದೆಂದು ತಿಳಿಯುವುದುಂಟು.) ಒಂದು ನಾಡು ಕೂಡಿ ಅಳಬೇಕಾದಾಗಲೂ ಅದಕ್ಕೆ ವಿಶಾಲವಾದ ಅಂಗಳ ಬೇಕು, ಟ್ರ್ಯಾಕಿನ ಹೆಸರು ಹೇಳಿ ಅದನ್ನು ತಡೆಯಲಾಗದು. ಸಂಗೀತದ ಕಚೇರಿಗೆ, ಸಂಭ್ರಮದ ಸಮಾವೇಶಕ್ಕೆ ಕೊಡುವಾಗ ಮಾತ್ರ ಎರಡು ಸಲ ಯೋಚಿಸಬೇಕು. ಸಿಂಥೆಟಿಕ್ ಹಾಸು ಓಡುವ ಕಾಲಿಗೆಂದು ಮಾಡಿದುದು, ಲಾರಿಯ ಚಕ್ರಕ್ಕೆಂದಲ್ಲ.

ಜನ ಸೇರುವ ಮಾತು ಬಂದುದರಿಂದ ಬಾಗಿಲುಗಳ ವಿಚಾರವನ್ನು ಬಿಡುವಂತಿಲ್ಲ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಜನರ ನೂಕುನುಗ್ಗಲಿನಲ್ಲಿ 11 ಮಂದಿ ಪ್ರಾಣ ಕಳೆದುಕೊಂಡರು. ಕ್ರೀಡಾಂಗಣದ ಶಕ್ತಿಯನ್ನು ನಾವು ಆಸನಗಳ ಸಂಖ್ಯೆಯಿಂದ ಅಳೆಯುತ್ತೇವೆ. ಬಾಗಿಲುಗಳ ಅಗಲದಿಂದ, ಬಾಗಿಲಿನ ಹೊರಗೆ ಎಷ್ಟು ಖಾಲಿ ನೆಲವಿದೆಯೆಂಬುದರಿಂದ ಅಳೆಯುವ ಅಭ್ಯಾಸ ನಮಗಿನ್ನೂ ಬಂದಿಲ್ಲ. ಘಾಟಿಯ ಜಾತ್ರೆಯಂತಹ ಬಯಲಿಗೆ ಬಾಗಿಲೇ ಇಲ್ಲ. ಜನ ಒತ್ತಿದರೆ ಎಲ್ಲ ದಿಕ್ಕಿಗೂ ಹರಡಿಕೊಳ್ಳುವರು. ಗೋಡೆ ಕಟ್ಟಿದವನ ಮೇಲೆ ಬಾಗಿಲಿನ ಋಣ ಹೆಚ್ಚು.

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳ ಮಕ್ಕಳಿಗೆ ಈ ಕಥೆಯಿಂದ ಏನು ಪ್ರಯೋಜನವೆಂದು ಕೇಳಬಹುದು. ದೊಡ್ಡಬಳ್ಳಾಪುರದಲ್ಲಿ ಭಗತ್ ಸಿಂಗ್ ಕ್ರೀಡಾಂಗಣವಿದೆ. ಊರಿನ ಆಟಗಳೂ ರಾಷ್ಟ್ರೀಯ ಹಬ್ಬಗಳೂ ಅಲ್ಲಿ ನಡೆಯುತ್ತವೆ. ಹೋಬಳಿಯ ಮಟ್ಟದಲ್ಲಿ ಕಂಠೀರವದಂಥದು ಬೇಕೆಂದು ಯಾರೂ ಹೇಳುವುದಿಲ್ಲ, ಬೇಕಾಗಿಯೂ ಇಲ್ಲ. ಕಬಡ್ಡಿಗೆ ಬೇಕಾದುದು 13 ಮೀಟರು ಉದ್ದ, 10 ಮೀಟರು ಅಗಲದ ನೆಲ. ಖೋ ಖೋ ಆಟಕ್ಕೆ 27 ಮತ್ತು 16. ವಾಲಿಬಾಲಿಗೆ 18 ಮತ್ತು 9. ಈ ಮೂರನ್ನೂ ಸುತ್ತ ಬಿಡಬೇಕಾದ ಜಾಗದೊಡನೆ ಅರ್ಧ ಎಕರೆಯೊಳಗೆ ಹಿಡಿಸಬಹುದು. ಉದ್ದವನ್ನು ಉತ್ತರ ದಕ್ಷಿಣವಾಗಿ ಇಟ್ಟರೆ ಸಂಜೆಯ ಬಿಸಿಲು ಯಾವ ಪಕ್ಷದ ಕಣ್ಣಿಗೂ ನೇರವಾಗಿ ಹೊಡೆಯುವುದಿಲ್ಲ. ಓಟದ ಪಥಕ್ಕೆ ಸಿಂಥೆಟಿಕ್ ಹಾಸು ಅನಿವಾರ್ಯವಲ್ಲ. 1968ರ ಮೆಕ್ಸಿಕೋ ಒಲಿಂಪಿಕ್ಸಿನವರೆಗೆ ಜಗತ್ತಿನ ಅತಿ ವೇಗದ ಓಟಗಾರರೆಲ್ಲ ಕಿಟ್ಟದ ಪುಡಿಯ ಮೇಲೆ, ಮಣ್ಣಿನ ಮೇಲೆ ಓಡಿದವರೇ. ಅಗತ್ಯವಾದುದು ಅಳತೆ ಮತ್ತು ಇಳಿಜಾರು. ಟ್ರ್ಯಾಕಿನ ಅಡ್ಡ ಇಳಿಜಾರು ನೂರಕ್ಕೆ ಒಂದನ್ನು ಮೀರಬಾರದು, ಓಟದ ದಿಕ್ಕಿನ ಇಳಿಜಾರು ಸಾವಿರಕ್ಕೆ ಒಂದನ್ನು ಮೀರಬಾರದು ಎಂಬುದು ಅಂತಾರಾಷ್ಟ್ರೀಯ ನಿಯಮ. ನೀರುಮಟ್ಟ ಹಿಡಿಯಬಲ್ಲ ಒಬ್ಬ ಮೇಸ್ತ್ರಿ ಇದನ್ನು ಸಾಧಿಸಬಲ್ಲನು. ಘಾಟಿಯ ಕಡೆಯ ಕೆಂಪುಮಣ್ಣು ಚೆನ್ನಾಗಿ ದಮ್ಮಸು ಮಾಡಿದರೆ ಗಟ್ಟಿಯಾಗಿಯೇ ಕೂರುತ್ತದೆ.

ಸ್ಥಳ ಯಾವುದೆಂಬ ಪ್ರಶ್ನೆಯಲ್ಲಿ ಮಾತ್ರ ಜಾಗರೂಕರಾಗಿರಬೇಕು. ಆ ತಾಲ್ಲೂಕುಗಳಲ್ಲಿ ಬತ್ತಿದ ಕೆರೆಗಳಿಗೆ ಬರವಿಲ್ಲ. ಅವು ಸಮತಟ್ಟಾಗಿ, ಒಡೆಯನಿಲ್ಲದೆ, ಕೈ ಬೀಸಿ ಕರೆಯುತ್ತವೆ. ಸಂಪಂಗಿ ಕೆರೆಗೂ ಹಾಗೆಯೇ ಆಯಿತು. ಬೆಂಗಳೂರಿಗೆ ಆಗ ಅರ್ಕಾವತಿಯ ನೀರು ಬರುವುದಿತ್ತು. ಆ ಧೈರ್ಯದಿಂದ ಅದು ತನ್ನ ಕೆರೆಯನ್ನು ಕೊಟ್ಟುಬಿಟ್ಟಿತು. ಅರ್ಕಾವತಿಯ ದಡದವರು ತಮ್ಮ ಕೆರೆಯನ್ನು ಕೊಟ್ಟರೆ ಅವರಿಗೆ ನೀರು ಎಲ್ಲಿಂದ ಬರಬೇಕು? ಗೋಮಾಳದ ಅಂಚು, ಶಾಲೆಯ ಹಿತ್ತಿಲು, ಜಾತ್ರೆಯ ಬಯಲು, ಇವುಗಳನ್ನು ಮೊದಲು ನೋಡಬೇಕು. ಜಾತ್ರೆಯ ಬಯಲಿಗೆ ವರ್ಷದಲ್ಲಿ ಕೆಲವು ವಾರಗಳು ದನಗಳಿಗೆ; ಉಳಿದ ದಿನಗಳಲ್ಲಿ ಆಟದವರಿಗೆ. 2022ರಲ್ಲಿ ಚರ್ಮಗಂಟು ರೋಗದಿಂದ ರಾಜ್ಯದಲ್ಲಿ ದನಗಳ ಜಾತ್ರೆಗಳಿಗೆ ತಡೆಯುಂಟಾದಾಗ ಅಂತಹ ಬಯಲುಗಳು ಬರಿದಾಗಿಯೇ ಉಳಿದವು.

ಕಂಠೀರವದ ಆವರಣದ ಪಕ್ಕದಲ್ಲಿ ಇಂದಿಗೂ ಒಂದು ಚಿಕ್ಕ ಕಲ್ಯಾಣಿಯಿದೆ. ಸಂಪಂಗಿ ಕೆರೆಯಲ್ಲಿ ಉಳಿದುಕೊಂಡುದು ಅಷ್ಟೇ. ಚೈತ್ರಮಾಸದಲ್ಲಿ ಬೆಂಗಳೂರು ಕರಗ ನಡೆಯುವಾಗ ತಿಗಳರ ವೀರಕುಮಾರರು ಹಸಿ ಕರಗದ ವಿಧಿಗಾಗಿ ಅಲ್ಲಿಗೇ ಬರುತ್ತಾರೆ. ಕೆರೆಯ ನೀರಿಗಾಗಿ ಒಂದು ಕಾಲದಲ್ಲಿ ಮನವಿ ಮಾಡಿಕೊಂಡ ತೋಟಗಾರರ ವಂಶದವರೇ ಅವರು. ಆ ರಾತ್ರಿ ಒಂದು ಕಡೆ ಕ್ರೀಡಾಂಗಣದ ದೀಪದ ಗೋಪುರಗಳು, ಇನ್ನೊಂದು ಕಡೆ ಪಂಜುಗಳು. ನಡುವೆ ಅಷ್ಟಿಷ್ಟು ನೀರು.